ಕೇಮನ್ ದ್ವೀಪದ ಒಂದು ಷೇರು ಭಾರತದ ತೆರಿಗೆ ಕಾನೂನನ್ನು ಬದಲಿಸಿದ ಬಗೆ

2007ರ ಫೆಬ್ರವರಿಯಲ್ಲಿ ಬ್ರಿಟನ್ನಿನ ವೊಡಾಫೋನ್ ಗುಂಪು ಹಾಂಗ್‌ಕಾಂಗ್‌ನ ಹಚಿಸನ್ ಗುಂಪಿನಿಂದ ಒಂದು ಷೇರು ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಒಂದೇ ಒಂದು ಷೇರು. ಬೆಲೆ ಸುಮಾರು 1,100 ಕೋಟಿ ಡಾಲರ್. ಆ ಷೇರು ಕೆರಿಬಿಯನ್ ಸಮುದ್ರದ ಕೇಮನ್ ದ್ವೀಪಗಳಲ್ಲಿ ನೋಂದಣಿಯಾಗಿದ್ದ ಸಿಜಿಪಿ ಇನ್ವೆಸ್ಟ್‌ಮೆಂಟ್ಸ್ ಎಂಬ ಕಂಪನಿಯದ್ದು. ಅದನ್ನು ಕೊಂಡವರ ಕೈಗೆ ನಿಜವಾಗಿ ಬಂದದ್ದು ಭಾರತದ ಹಚ್ ಮೊಬೈಲ್ ಸೇವೆಯ ಶೇ. 67ರಷ್ಟು ಹಿತಾಸಕ್ತಿ. ನಾಯಿಮರಿಯ ಜಾಹೀರಾತಿನಿಂದ ಮನೆಮಾತಾಗಿದ್ದ ಆ ಹಚ್ ಕೆಲವೇ ತಿಂಗಳಲ್ಲಿ ವೊಡಾಫೋನ್ ಆಯಿತು.

ಮಾರಿದವರು, ಕೊಂಡವರು, ಮಾರಾಟವಾದ ಷೇರು ಎಲ್ಲವೂ ಹೊರದೇಶದಲ್ಲಿದ್ದವು. ವ್ಯಾಪಾರ ಮಾತ್ರ ಇಲ್ಲಿತ್ತು. ಇದರ ಮೇಲೆ ಭಾರತ ತೆರಿಗೆ ಕೇಳಬಹುದೇ ಎಂಬ ಪ್ರಶ್ನೆ ಮುಂದಿನ 14 ವರ್ಷ ಎಳೆಯಿತು. ಅಷ್ಟರಲ್ಲಿ ಸಂಸತ್ತು ಎರಡು ಸಲ ಕಾನೂನು ಬದಲಿಸಿತು, ಭಾರತ ಸರ್ಕಾರ ಅಂತರರಾಷ್ಟ್ರೀಯ ಮಧ್ಯಸ್ಥಿಕೆಯಲ್ಲಿ ಸೋತಿತು, ಹತ್ತಾರು ದೇಶಗಳ ಜೊತೆಗಿನ ಹೂಡಿಕೆ ಒಪ್ಪಂದಗಳನ್ನು ಕೈಬಿಟ್ಟಿತು. ಬಹುರಾಷ್ಟ್ರೀಯ ಕಂಪನಿಗಳು ಒಂದು ದೇಶದ ಆರ್ಥಿಕ ನೀತಿಯ ಮೇಲೆ ಹೇಗೆ ಪ್ರಭಾವ ಬೀರುತ್ತವೆ ಎಂದು ತಿಳಿಯಲು ನಮ್ಮಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಈ ಪ್ರಭಾವದ ಬಹುಪಾಲು ನಡೆಯುವುದು ಮುಚ್ಚಿದ ಕೋಣೆಯಲ್ಲಲ್ಲ, ಎಲ್ಲರೂ ಓದಬಹುದಾದ ಕಾಗದಪತ್ರಗಳಲ್ಲಿ.

ಕಂಪನಿಯ ಮೇಲೆ ಕಂಪನಿ

ಬಹುರಾಷ್ಟ್ರೀಯ ಕಂಪನಿ ಎಂದರೆ ಕಾನೂನಿನ ಕಣ್ಣಿಗೆ ಒಂದೇ ಕಂಪನಿಯಲ್ಲ. ಬೇರೆಬೇರೆ ದೇಶಗಳಲ್ಲಿ ನೋಂದಣಿಯಾದ ಹತ್ತಾರು, ಕೆಲವೊಮ್ಮೆ ನೂರಾರು ಕಂಪನಿಗಳ ಸರಪಳಿ. ಮೇಲಿನದು ಮಾತೃಸಂಸ್ಥೆ. ಕೆಳಗಿನವು ಅದರ ಅಂಗಸಂಸ್ಥೆಗಳು. ನಡುವೆ ಷೇರು ಹಿಡಿದುಕೊಳ್ಳುವುದನ್ನು ಬಿಟ್ಟು ಬೇರೆ ಕೆಲಸವಿಲ್ಲದ ಕೆಲವು ಹೋಲ್ಡಿಂಗ್ ಕಂಪನಿಗಳು ಇರುತ್ತವೆ. ಇವು ಸಾಮಾನ್ಯವಾಗಿ ಮಾರಿಷಸ್, ಸಿಂಗಪುರ, ನೆದರ್‌ಲೆಂಡ್ಸ್, ಕೇಮನ್ ಮುಂತಾದ ಕಡೆ ಹುಟ್ಟುತ್ತವೆ. ಕೇಮನ್‌ನಲ್ಲಿ ಕಂಪನಿಯ ಲಾಭಕ್ಕೆ ನೇರ ತೆರಿಗೆಯೇ ಇಲ್ಲ. ಮಾರಿಷಸ್ ಮತ್ತು ನೆದರ್‌ಲೆಂಡ್ಸ್‌ಗೆ ಭಾರತದ ಜೊತೆ ಅನುಕೂಲಕರ ಒಪ್ಪಂದಗಳಿದ್ದವು.

ಇಂಥ ರಚನೆ ತಾನಾಗಿಯೇ ಅಕ್ರಮವಲ್ಲ. ಹಲವು ದೇಶಗಳ ಹೂಡಿಕೆದಾರರು ಒಟ್ಟುಗೂಡಲು, ಸಾಲ ಎತ್ತಲು, ಮುಂದೆ ಒಂದು ವ್ಯಾಪಾರವನ್ನು ಬಿಡಿಯಾಗಿ ಮಾರಿ ಹೊರಬರಲು ಇದು ಅನುಕೂಲ. ತೊಡಕು ಬರುವುದು ಮಾರುವ ಹೊತ್ತಿನಲ್ಲಿ. ಮೈಸೂರಿನ ಬ್ಯಾಂಕ್ ಲಾಕರಿನಲ್ಲಿ ಚಿನ್ನವಿದೆ, ಅದರ ಕೀಲಿ ದುಬೈಯಲ್ಲಿರುವ ಒಬ್ಬರ ಕೈಯಲ್ಲಿದೆ ಎಂದುಕೊಳ್ಳಿ. ಅವರು ಅಲ್ಲಿಯೇ ಇನ್ನೊಬ್ಬರಿಗೆ ಕೀಲಿ ಮಾರುತ್ತಾರೆ. ಚಿನ್ನ ಲಾಕರಿನಿಂದ ಕದಲಿಲ್ಲ, ಆದರೆ ಕೀಲಿಗೆ ಬಂದ ಬೆಲೆ ಚಿನ್ನದ್ದೇ. ತೆರಿಗೆ ಇಲಾಖೆ ನೋಡಬೇಕಾದ್ದು ಕೀಲಿಯನ್ನೋ ಚಿನ್ನವನ್ನೋ?

ಕೊಂಡವರಿಗೆ ನೋಟಿಸ್ ಬಂದದ್ದೇಕೆ

ಲಾಭ ಮಾಡಿದ್ದು ಹಚಿಸನ್. ನೋಟಿಸ್ ಹೋಗಿದ್ದು ವೊಡಾಫೋನ್‌ಗೆ. ಇಲ್ಲಿ ಬಹಳ ಜನ ಗೊಂದಲಕ್ಕೆ ಬೀಳುತ್ತಾರೆ, ಹಾಗಾಗಿ ಎರಡು ಸೆಕ್ಷನ್‌ಗಳನ್ನು ಬಿಡಿಸಿ ನೋಡಬೇಕು.

ಆಗ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ಭಾರತದಲ್ಲಿರುವ ಬಂಡವಾಳ ಆಸ್ತಿಯ ವರ್ಗಾವಣೆಯಿಂದ ಬರುವ ಆದಾಯ ಭಾರತದಲ್ಲೇ ಹುಟ್ಟಿದ್ದು; ಅದನ್ನು ಪಡೆದವರು ಯಾವ ದೇಶದವರಾದರೂ ಸರಿ. 195ನೇ ಸೆಕ್ಷನ್ ಪ್ರಕಾರ, ಇಲ್ಲಿ ತೆರಿಗೆಗೆ ಒಳಪಡುವ ಹಣವನ್ನು ಅನಿವಾಸಿಗೆ ಕೊಡುವವರು ಮೊದಲೇ ತೆರಿಗೆ ಮುರಿದುಕೊಂಡು ಸರ್ಕಾರಕ್ಕೆ ಕಟ್ಟಬೇಕು. ಸಂಬಳಕ್ಕೆ ಟಿಡಿಎಸ್ ಮುರಿಯುವಂತೆಯೇ ಇದು. ಮುರಿಯದಿದ್ದರೆ ಆ ತೆರಿಗೆಯ ಹೊರೆ ಹಣ ಕೊಡುವವರ ತಲೆಗೇ ಬರುತ್ತದೆ. ಮಾರಿದವರು ಹಣ ಎಣಿಸಿಕೊಂಡು ಹೊರಟುಹೋಗಿರುತ್ತಾರೆ, ಕೊಂಡವರ ವ್ಯಾಪಾರ ಇಲ್ಲೇ ಉಳಿದಿರುತ್ತದೆ. ಆದ್ದರಿಂದ ಇಲಾಖೆಗೆ ಕೈಗೆಟಕುವವರೂ ಅವರೇ. 2007ರ ಸೆಪ್ಟೆಂಬರ್‌ನಲ್ಲಿ ಶುರುವಾದ ನೋಟಿಸ್ 2010ರ ಹೊತ್ತಿಗೆ ₹11,218 ಕೋಟಿಯ ಬೇಡಿಕೆಯಾಯಿತು.

ಬಾಂಬೆ ಹೈಕೋರ್ಟ್ ಇಲಾಖೆಯ ಪರ ನಿಂತಿತು. ಸುಪ್ರೀಂ ಕೋರ್ಟ್ 2012ರ ಜನವರಿ 20ರಂದು ಅದನ್ನು ತಿರುಗಿಸಿತು. ಮುಖ್ಯ ನ್ಯಾಯಮೂರ್ತಿ ಎಸ್.ಎಚ್. ಕಪಾಡಿಯಾ ಅವರ ಪೀಠ ನೋಡಿದ್ದು ಕಾಯ್ದೆಯ ಅಕ್ಷರವನ್ನು: ಸೆಕ್ಷನ್ ಹೇಳುವುದು ‘ಭಾರತದಲ್ಲಿರುವ ಆಸ್ತಿ’, ಮಾರಾಟವಾದದ್ದು ಕೇಮನ್‌ನ ಷೇರು. ಪರೋಕ್ಷ ವರ್ಗಾವಣೆಗೂ ತೆರಿಗೆ ಬೇಕಿದ್ದರೆ ಸಂಸತ್ತು ಹಾಗೆಂದು ಬರೆಯಬೇಕಿತ್ತು. ರಚನೆ ಬರೀ ನೆಪವೋ ಅಲ್ಲವೋ ಎಂದು ತಿಳಿಯಲು ಕೋರ್ಟು ಕೆಲವು ಅಳತೆಗಳನ್ನೂ ಕೊಟ್ಟಿತು. ಹೂಡಿಕೆ ಎಷ್ಟು ಕಾಲದಿಂದ ಇದೆ, ಭಾರತದಲ್ಲಿ ನಿಜವಾದ ವ್ಯಾಪಾರ ಎಷ್ಟು ವರ್ಷ ನಡೆದಿದೆ, ಇಲ್ಲಿ ತೆರಿಗೆ ಕಟ್ಟುವಂಥ ಆದಾಯ ಬಂದಿದೆಯೇ, ಹೊರಬಿದ್ದ ಹೊತ್ತು ಯಾವುದು, ಹೊರಬಿದ್ದ ಮೇಲೂ ವ್ಯಾಪಾರ ಮುಂದುವರಿದಿದೆಯೇ. ಹಚಿಸನ್ 1990ರ ದಶಕದಿಂದಲೂ ಇಲ್ಲಿ ವ್ಯಾಪಾರದಲ್ಲಿತ್ತು, ಆ ಅಳತೆಯಲ್ಲಿ ಪಾಸಾಯಿತು. ವೊಡಾಫೋನ್ ಠೇವಣಿ ಇಟ್ಟಿದ್ದ ₹2,500 ಕೋಟಿಯನ್ನು ಶೇ. 4ರ ಬಡ್ಡಿಯೊಂದಿಗೆ ಹಿಂದಿರುಗಿಸಲು ಆದೇಶವಾಯಿತು.

ಐವತ್ತು ವರ್ಷ ಹಿಂದಕ್ಕೆ ಹೋದ ತಿದ್ದುಪಡಿ

ಎರಡು ತಿಂಗಳೂ ಕಳೆದಿರಲಿಲ್ಲ. 2012ರ ಮಾರ್ಚ್ 16ರ ಬಜೆಟ್‌ನಲ್ಲಿ ಹಣಕಾಸು ಸಚಿವ ಪ್ರಣಬ್ ಮುಖರ್ಜಿ 9ನೇ ಸೆಕ್ಷನ್‌ಗೆ ಒಂದು ವಿವರಣೆ ಸೇರಿಸಿದರು. ಹೊರದೇಶದ ಕಂಪನಿಯ ಷೇರಿನ ಬೆಲೆ ಗಣನೀಯವಾಗಿ ಭಾರತದ ಆಸ್ತಿಯಿಂದ ಬಂದಿದ್ದರೆ ಆ ಷೇರೂ ಭಾರತದಲ್ಲಿರುವ ಆಸ್ತಿಯೇ ಎಂದು ಅದರ ಸಾರ. ಅಷ್ಟೇ ಆಗಿದ್ದರೆ ಇಷ್ಟು ಗದ್ದಲ ಆಗುತ್ತಿರಲಿಲ್ಲ. ಆ ವಿವರಣೆ 1962ರ ಏಪ್ರಿಲ್ 1ರಿಂದಲೇ ಜಾರಿಯಲ್ಲಿತ್ತು ಎಂದೂ ಬರೆದರು. ಹೀಗೆ ಹಿಂದಿನ ತಾರೀಖಿನಿಂದ ಅನ್ವಯಿಸುವ ಕಾನೂನಿಗೆ ಪೂರ್ವಾನ್ವಯ ಕಾನೂನು ಎನ್ನುತ್ತಾರೆ. ಪತ್ರಿಕೆಗಳಲ್ಲಿ ‘ರೆಟ್ರೋ ಟ್ಯಾಕ್ಸ್’ ಎಂದು ಓದಿದ್ದು ಇದನ್ನೇ.

ಸರ್ಕಾರದ ವಾದ ಗಟ್ಟಿಯಿಲ್ಲದ್ದೇನೂ ಅಲ್ಲ. ಇಲ್ಲಿನ ಗ್ರಾಹಕರು, ಇಲ್ಲಿನ ತರಂಗಾಂತರ, ಇಲ್ಲಿನ ಪರವಾನಗಿಯಿಂದ ಬೆಳೆದ ಬೆಲೆಗೆ ಇಲ್ಲಿ ತೆರಿಗೆ ಬೇಡವೇ ಎಂಬ ಪ್ರಶ್ನೆ ನ್ಯಾಯವಾದದ್ದು. ಎಡವಿದ್ದು ತಾರೀಖಿನಲ್ಲಿ. ನ್ಯಾಯಾಲಯದಲ್ಲಿ ಗೆದ್ದವರಿಗೆ, ನೀವು ವ್ಯವಹಾರ ಮಾಡಿದಾಗ ಇದ್ದ ಕಾನೂನು ಬೇರೆಯೇ ಆಗಿತ್ತು ಎಂದು ಹೇಳಿದಂತಾಯಿತು. ಅದೇ ವರ್ಷ ಸರ್ಕಾರವೇ ನೇಮಿಸಿದ ಪಾರ್ಥಸಾರಥಿ ಶೋಮ್ ಸಮಿತಿ ಕೂಡ, ಪೂರ್ವಾನ್ವಯ ತೆರಿಗೆ ತೀರಾ ಅಪರೂಪಕ್ಕೆ ಮಾತ್ರ ಇರಬೇಕು ಎಂದು ಹೇಳಿತು. 2014ರಲ್ಲಿ ಸರ್ಕಾರ ಬದಲಾಯಿತು, ತಿದ್ದುಪಡಿ ಉಳಿಯಿತು.

ಹೂಡಿಕೆ ಒಪ್ಪಂದ ಎಂಬ ಎರಡನೇ ಬಾಗಿಲು

ಸುಪ್ರೀಂ ಕೋರ್ಟಿನ ತೀರ್ಪನ್ನೂ ಮೀರಿ ಸಂಸತ್ತು ಕಾನೂನು ಮಾಡಿದ ಮೇಲೆ ಒಂದು ಕಂಪನಿಗೆ ಇನ್ನೇನು ದಾರಿ? ದೇಶದೊಳಗಿನ ಕಂಪನಿಗಾದರೆ ದಾರಿ ಹೆಚ್ಚುಕಡಿಮೆ ಮುಗಿದಂತೆಯೇ. ವಿದೇಶಿ ಹೂಡಿಕೆದಾರರಿಗೆ ಇನ್ನೊಂದಿದೆ, ಅದು ದ್ವಿಪಕ್ಷೀಯ ಹೂಡಿಕೆ ಒಪ್ಪಂದ.

ಉದಾರೀಕರಣದ ನಂತರ ಬಂಡವಾಳ ಬೇಕಾಗಿದ್ದ ಭಾರತ 1994ರಲ್ಲಿ ಬ್ರಿಟನ್ನಿನಿಂದ ಶುರುಮಾಡಿ 80ಕ್ಕೂ ಹೆಚ್ಚು ದೇಶಗಳ ಜೊತೆ ಇಂಥ ಒಪ್ಪಂದಗಳಿಗೆ ಸಹಿ ಹಾಕಿತು. ನಿಮ್ಮ ಹೂಡಿಕೆದಾರರನ್ನು ‘ನ್ಯಾಯಯುತವಾಗಿ, ಸಮದೃಷ್ಟಿಯಿಂದ’ ನಡೆಸಿಕೊಳ್ಳುತ್ತೇವೆ ಎಂಬ ಮಾತು ಅವುಗಳಲ್ಲಿತ್ತು. ಹಾಗೆ ನಡೆಯದಿದ್ದರೆ ಹೂಡಿಕೆದಾರರು ನೇರವಾಗಿ ಸರ್ಕಾರದ ಮೇಲೆಯೇ ಅಂತರರಾಷ್ಟ್ರೀಯ ಮಧ್ಯಸ್ಥಿಕೆಗೆ ಹೋಗಬಹುದು. ಅದು ಕೋರ್ಟಲ್ಲ. ಸಾಮಾನ್ಯವಾಗಿ ಮೂವರು ಪಂಚರು: ಒಬ್ಬರನ್ನು ಕಂಪನಿ, ಒಬ್ಬರನ್ನು ಸರ್ಕಾರ ಆರಿಸುತ್ತದೆ, ಮೂರನೆಯವರು ಅಧ್ಯಕ್ಷರು. ಅವರು ದೇಶದ ಕಾನೂನನ್ನು ರದ್ದು ಮಾಡಲಾರರು, ಆದರೆ ಆ ಕಾನೂನಿನಿಂದಾದ ನಷ್ಟ ತುಂಬಿಕೊಡಿ ಎನ್ನಬಲ್ಲರು. ಪರಿಣಾಮದಲ್ಲಿ ಎರಡಕ್ಕೂ ದೊಡ್ಡ ಅಂತರವಿಲ್ಲ.

ಒಪ್ಪಂದಗಳಿಗೆ ಸಹಿ ಹಾಕುವಾಗ ಇದರ ತೂಕ ಯಾರಿಗೂ ಅಷ್ಟು ಅರಿವಾಗಿರಲಿಲ್ಲ ಎಂದೇ ತೋರುತ್ತದೆ. ಮೊದಲ ಪೆಟ್ಟು 2011ರಲ್ಲಿ ಬಿತ್ತು. ಆಸ್ಟ್ರೇಲಿಯಾದ ವೈಟ್ ಇಂಡಸ್ಟ್ರೀಸ್ ತನಗೆ ಸಿಕ್ಕಿದ್ದ ಒಂದು ಐತೀರ್ಪಿನ (ಮಧ್ಯಸ್ಥಿಕೆಯ ಪಂಚರು ಕೊಟ್ಟ ತೀರ್ಪಿನ) ಜಾರಿ ಭಾರತದ ಕೋರ್ಟುಗಳಲ್ಲಿ ವರ್ಷಗಟ್ಟಲೆ ನೆನೆಗುದಿಗೆ ಬಿದ್ದಿದೆ ಎಂದು ದೂರಿ ಗೆದ್ದಿತು. ಆಸ್ಟ್ರೇಲಿಯಾ ಒಪ್ಪಂದದಲ್ಲಿ ಇಲ್ಲದ ಒಂದು ರಕ್ಷಣೆಯನ್ನು, ‘ಯಾರಿಗೂ ಕಡಿಮೆಯಿಲ್ಲದಂತೆ ನಡೆಸಿಕೊಳ್ಳುತ್ತೇವೆ’ ಎಂಬ ಷರತ್ತಿನ ಮೂಲಕ ಕುವೈತ್ ಜೊತೆಗಿನ ಒಪ್ಪಂದದಿಂದ ಎರವಲು ತಂದು ಗೆದ್ದಿತು. ಒಂದು ದೇಶಕ್ಕೆ ಕೊಟ್ಟ ಮಾತು ಎಲ್ಲರಿಗೂ ಕೊಟ್ಟಂತೆ ಎಂಬುದು ಆಗ ಗೊತ್ತಾಯಿತು.

ವೊಡಾಫೋನ್ ಗುಂಪಿನಲ್ಲಿ ಷೇರು ಕೊಂಡಿದ್ದ ಅಂಗಸಂಸ್ಥೆ ನೆದರ್‌ಲೆಂಡ್ಸ್‌ನದ್ದು. ಹಾಗಾಗಿ ಬ್ರಿಟಿಷ್ ಗುಂಪಾದರೂ 1995ರ ಭಾರತ-ನೆದರ್‌ಲೆಂಡ್ಸ್ ಒಪ್ಪಂದದಡಿ ಅದು ದಾವೆ ಹೂಡಿತು. 2020ರ ಸೆಪ್ಟೆಂಬರ್ 25ರಂದು ಮಧ್ಯಸ್ಥಿಕೆ ಮಂಡಳಿ ಸರ್ವಾನುಮತದಿಂದ ಭಾರತದ ವಿರುದ್ಧ ತೀರ್ಪಿತ್ತಿತು. ಬಡ್ಡಿ, ದಂಡ ಸೇರಿ ₹22,100 ಕೋಟಿ ದಾಟಿದ್ದ ಬೇಡಿಕೆ ನಿಂತುಹೋಯಿತು.

ನಿಜವಾದ ಬಿಸಿ ತಟ್ಟಿದ್ದು ಕೇರ್ನ್ ಪ್ರಕರಣದಲ್ಲಿ. ರಾಜಸ್ಥಾನದಲ್ಲಿ ಎಣ್ಣೆ ಕಂಡುಹಿಡಿದಿದ್ದ ಈ ಸ್ಕಾಟ್ಲೆಂಡಿನ ಕಂಪನಿ 2006ರಲ್ಲಿ ಕೇರ್ನ್ ಇಂಡಿಯಾ ಷೇರುಗಳನ್ನು ಸಾರ್ವಜನಿಕರಿಗೆ ಬಿಡುಗಡೆ ಮಾಡುವ ಮುನ್ನ ತನ್ನದೇ ಅಂಗಸಂಸ್ಥೆಗಳ ನಡುವೆ ಷೇರು ಅದಲುಬದಲು ಮಾಡಿತ್ತು. ಪೂರ್ವಾನ್ವಯ ತಿದ್ದುಪಡಿಯ ಬಲದಲ್ಲಿ ಅದಕ್ಕೆ ಸುಮಾರು ₹10,247 ಕೋಟಿ ತೆರಿಗೆ ಹಾಕಿದರು. ಇಲ್ಲಿ ಬರೀ ನೋಟಿಸ್ ಅಲ್ಲ, ವಸೂಲಿಯೂ ನಡೆಯಿತು: ಕಂಪನಿಯ ಷೇರು ಮಾರಿದರು, ಲಾಭಾಂಶ ಹಿಡಿದರು, ಬರಬೇಕಿದ್ದ ತೆರಿಗೆ ಮರುಪಾವತಿ ತಡೆದರು. 2020ರ ಡಿಸೆಂಬರ್‌ನಲ್ಲಿ ಮಧ್ಯಸ್ಥಿಕೆ ಮಂಡಳಿ 120 ಕೋಟಿ ಡಾಲರ್ ಮತ್ತು ಬಡ್ಡಿ ಕೊಡಿ ಎಂದಿತು.

ಭಾರತ ಕೊಡಲಿಲ್ಲ. ಆಗ ಏನಾಗುತ್ತದೆ? 1958ರ ನ್ಯೂಯಾರ್ಕ್ ಸಮಾವೇಶದ ಪ್ರಕಾರ ಇಂಥ ಐತೀರ್ಪನ್ನು ಸದಸ್ಯ ದೇಶಗಳ ಕೋರ್ಟುಗಳಲ್ಲಿ ಜಾರಿಗೆ ತರಬಹುದು, ಅಲ್ಲಿರುವ ಸೋತ ಸರ್ಕಾರದ ವಾಣಿಜ್ಯ ಆಸ್ತಿಯನ್ನು ಜಪ್ತಿ ಮಾಡಿಸಬಹುದು. ಕೇರ್ನ್ ಹಲವು ದೇಶಗಳಲ್ಲಿ ತೀರ್ಪನ್ನು ನೋಂದಾಯಿಸಿತು. 2021ರ ಮೇ ತಿಂಗಳಲ್ಲಿ, ಏರ್ ಇಂಡಿಯಾ ಮತ್ತು ಸರ್ಕಾರ ಬೇರೆಬೇರೆಯಲ್ಲ ಎಂದು ನ್ಯೂಯಾರ್ಕ್‌ನಲ್ಲಿ ಮೊಕದ್ದಮೆ ಹೂಡಿತು. ಜುಲೈನಲ್ಲಿ ಪ್ಯಾರಿಸ್‌ನ ಕೋರ್ಟಿನ ಅನುಮತಿಯಿಂದ ಅಲ್ಲಿನ ಭಾರತ ಸರ್ಕಾರದ ಸುಮಾರು 20 ಸ್ವತ್ತುಗಳಿಗೆ ತಡೆ ಬಿತ್ತು.

ಮುಂದಿನ ತಿಂಗಳೇ ಸಂಸತ್ತು ಹಿಂದೆ ಸರಿಯಿತು.

2021ರಲ್ಲಿ ಹೋದದ್ದೇನು, ಉಳಿದದ್ದೇನು

ಆಗಸ್ಟ್ 2021ರ ತಿದ್ದುಪಡಿಯನ್ನು ‘ವೊಡಾಫೋನ್ ತೆರಿಗೆ ರದ್ದು’ ಎಂದು ಹೇಳುವುದು ರೂಢಿ. ಅದು ಅರ್ಧ ಸತ್ಯ. ರದ್ದಾದದ್ದು ಹಿಂದಿನ ತಾರೀಖು ಮಾತ್ರ. 2012ರ ಮೇ 28ಕ್ಕೆ ಮೊದಲಿನ ವ್ಯವಹಾರಗಳಿಗೆ ಹಾಕಿದ್ದ ಬೇಡಿಕೆಗಳು ಹೋದವು. ಅದೂ ಷರತ್ತಿನ ಮೇಲೆ: ಕಂಪನಿ ಎಲ್ಲ ದೇಶಗಳಲ್ಲಿನ ಎಲ್ಲ ದಾವೆ ಹಿಂತೆಗೆದುಕೊಳ್ಳಬೇಕು, ಮುಂದೆ ಯಾವ ಪರಿಹಾರವನ್ನೂ ಕೇಳುವುದಿಲ್ಲ ಎಂದು ಬರೆದುಕೊಡಬೇಕು, ವಸೂಲಾದ ಹಣ ಬಡ್ಡಿಯಿಲ್ಲದೆ ವಾಪಸ್ ಬರುತ್ತದೆ. ಒಟ್ಟು 17 ಪ್ರಕರಣಗಳಲ್ಲಿ ನಾಲ್ಕರಲ್ಲಷ್ಟೇ ಹಣ ವಸೂಲಾಗಿತ್ತು, ಸುಮಾರು ₹8,100 ಕೋಟಿ. ಅದರಲ್ಲಿ ₹7,900 ಕೋಟಿ ಕೇರ್ನ್‌ನದೇ. 2022ರಲ್ಲಿ ಅದು ಕಂಪನಿಗೆ ಮರಳಿತು.

ಪರೋಕ್ಷ ವರ್ಗಾವಣೆಯ ತೆರಿಗೆ ಆಮೇಲಿನ ವ್ಯವಹಾರಗಳಿಗೆ ಹಾಗೆಯೇ ಉಳಿಯಿತು. ‘ಗಣನೀಯವಾಗಿ’ ಎಂದರೆ ಎಷ್ಟು ಎಂಬ ಪ್ರಶ್ನೆಗೆ 2015ರಲ್ಲೇ ಉತ್ತರ ಬರೆದಿದ್ದರು. ವಿದೇಶಿ ಕಂಪನಿಯ ಭಾರತೀಯ ಆಸ್ತಿಯ ಬೆಲೆ ₹10 ಕೋಟಿ ಮೀರಿರಬೇಕು, ಮತ್ತು ಅದು ಕಂಪನಿಯ ಒಟ್ಟು ಆಸ್ತಿಯ ಕನಿಷ್ಠ ಅರ್ಧದಷ್ಟಿರಬೇಕು. ಆಡಳಿತದಲ್ಲಿ ಹಿಡಿತವಿಲ್ಲದ, ಶೇ. 5ಕ್ಕಿಂತ ಹೆಚ್ಚು ಪಾಲಿಲ್ಲದ ಸಣ್ಣ ಹೂಡಿಕೆದಾರರಿಗೆ ವಿನಾಯಿತಿ.

ಈ ನಿಯಮ ಕೆಲಸ ಮಾಡಿದ್ದನ್ನು ಬೆಂಗಳೂರಿನಲ್ಲೇ ನೋಡಬಹುದು. ಫ್ಲಿಪ್‌ಕಾರ್ಟ್ ಹುಟ್ಟಿ ಬೆಳೆದದ್ದು ಬೆಂಗಳೂರಿನಲ್ಲಿ, ಮಾತೃಸಂಸ್ಥೆಯ ನೋಂದಣಿ ಆಗ ಸಿಂಗಪುರದಲ್ಲಿತ್ತು. 2018ರಲ್ಲಿ ವಾಲ್‌ಮಾರ್ಟ್ ಸುಮಾರು 1,600 ಕೋಟಿ ಡಾಲರ್‌ಗೆ ಶೇ. 77ರಷ್ಟು ಪಾಲು ಕೊಂಡಾಗ ಕೈಬದಲಾದದ್ದು ಸಿಂಗಪುರದ ಷೇರು. ಹಚ್ ವ್ಯವಹಾರದ ಪಡಿಯಚ್ಚು. ಆದರೆ ಈ ಸಲ ಕಾನೂನು ಮೊದಲೇ ಸ್ಪಷ್ಟವಾಗಿತ್ತು. ವಾಲ್‌ಮಾರ್ಟ್ ಮಾರಾಟಗಾರರಿಗೆ ಕೊಡುವ ಹಣದಲ್ಲಿ ತೆರಿಗೆ ಮುರಿದು ₹7,000 ಕೋಟಿಗೂ ಹೆಚ್ಚು ಮೊತ್ತವನ್ನು ಇಲಾಖೆಗೆ ಕಟ್ಟಿತು.

ಮಾರಿಷಸ್: ನೋಟಿಸಿಗೆ ಉತ್ತರವಾಗಿ ಸುತ್ತೋಲೆ

ಒತ್ತಡ ಯಾವಾಗಲೂ ಕೋರ್ಟಿನ ಮೂಲಕವೇ ಬರುವುದಿಲ್ಲ. 1982ರಲ್ಲಿ ಭಾರತ ಮಾರಿಷಸ್ ಜೊತೆ ದ್ವಿತೆರಿಗೆ ತಪ್ಪಿಸುವ ಒಪ್ಪಂದ ಮಾಡಿಕೊಂಡಿತು. ಒಂದೇ ಆದಾಯಕ್ಕೆ ಎರಡು ದೇಶಗಳಲ್ಲಿ ತೆರಿಗೆ ಬೀಳಬಾರದು ಎಂಬುದು ಇಂಥ ಒಪ್ಪಂದದ ಉದ್ದೇಶ. ಮಾರಿಷಸ್ ನಿವಾಸಿ ಭಾರತದ ಷೇರು ಮಾರಿದರೆ ತೆರಿಗೆ ಹಾಕುವ ಹಕ್ಕು ಮಾರಿಷಸ್‌ಗೆ ಎಂದು ಅದರಲ್ಲಿತ್ತು. ಮಾರಿಷಸ್ ಅದಕ್ಕೆ ತೆರಿಗೆಯನ್ನೇ ಹಾಕುತ್ತಿರಲಿಲ್ಲ. ಎರಡು ಸಲ ಬೀಳಬಾರದು ಎಂದದ್ದು ಒಂದು ಸಲವೂ ಬೀಳದಂತಾಯಿತು. ನಮ್ಮ ಷೇರುಪೇಟೆ 1990ರ ದಶಕದಲ್ಲಿ ವಿದೇಶಿಯರಿಗೆ ತೆರೆದುಕೊಂಡ ಮೇಲೆ ಎಲ್ಲೆಲ್ಲಿಯ ಬಂಡವಾಳವೂ ಮಾರಿಷಸ್ ರಾಜಧಾನಿ ಪೋರ್ಟ್ ಲೂಯಿಯ ವಿಳಾಸ ಹೊತ್ತು ಬರತೊಡಗಿತು.

2000ದ ಆರಂಭದಲ್ಲಿ ತೆರಿಗೆ ಅಧಿಕಾರಿಗಳು ಈ ವಿಳಾಸಗಳ ಹಿಂದೆ ನಿಜವಾಗಿ ಯಾರಿದ್ದಾರೆ ಎಂದು ಕೇಳಿ ಕೆಲವು ವಿದೇಶಿ ಹೂಡಿಕೆ ಸಂಸ್ಥೆಗಳಿಗೆ ನೋಟಿಸ್ ಕೊಟ್ಟರು. ಹೂಡಿಕೆದಾರರು ಬೆಚ್ಚಿದರು, ಷೇರುಪೇಟೆ ಕುಸಿಯಿತು. ಏಪ್ರಿಲ್ 13ರಂದು ಕೇಂದ್ರ ನೇರ ತೆರಿಗೆ ಮಂಡಳಿ 789ನೇ ಸುತ್ತೋಲೆ ಹೊರಡಿಸಿತು: ಮಾರಿಷಸ್ ಸರ್ಕಾರದ ನಿವಾಸ ಪ್ರಮಾಣಪತ್ರ ಇದ್ದರೆ ಸಾಕು. ದೆಹಲಿ ಹೈಕೋರ್ಟ್ ಸುತ್ತೋಲೆಯನ್ನು ರದ್ದು ಮಾಡಿತು, 2003ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಊರ್ಜಿತಗೊಳಿಸಿತು. ಬಂಡವಾಳ ಬೇಕಾದ ದೇಶ ಇಂಥ ಸೋರಿಕೆಯನ್ನು ತಿಳಿದೇ ಸಹಿಸಿಕೊಳ್ಳಬಹುದು, ಅದು ಸರ್ಕಾರದ ಆಯ್ಕೆ ಎಂಬುದು ಆ ತೀರ್ಪಿನ ಧಾಟಿ. ಇಲ್ಲಿ ಯಾವ ಕಂಪನಿಯೂ ದಾವೆ ಹೂಡಲಿಲ್ಲ. ಹಣ ಹೊರಟುಹೋದೀತೆಂಬ ಭಯವೇ ಸಾಕಾಯಿತು. ಬಾಗಿಲು ಮುಚ್ಚಲು 2016ರ ಮೇ ತಿಂಗಳವರೆಗೆ ಕಾಯಬೇಕಾಯಿತು. 2017ರ ಏಪ್ರಿಲ್ 1ರಿಂದ ಈಚೆಗೆ ಕೊಂಡ ಷೇರುಗಳಿಗೆ ಭಾರತ ತೆರಿಗೆ ಹಾಕುತ್ತದೆ, ಹಳೆಯವನ್ನು ಆ ಬದಲಾವಣೆ ಮುಟ್ಟಲಿಲ್ಲ. ಕೈಸುಟ್ಟುಕೊಂಡ ಮೇಲೆ ಕಲಿತ ಎಚ್ಚರ ಅದು.

ಕಂಪನಿಯ ಪರವಾಗಿ ಅದರ ದೇಶ

ಮೂರನೆಯ ಬಗೆಯ ಒತ್ತಡ ಕಂಪನಿಯ ತವರು ಸರ್ಕಾರದ್ದು. ಇಂಟರ್ನೆಟ್ ಕಂಪನಿಗೆ ಇಲ್ಲಿ ಕಚೇರಿ ಇಲ್ಲದೆಯೂ ಇಲ್ಲಿಂದ ಆದಾಯ ಬರುತ್ತದೆ, ಹಳೆಯ ತೆರಿಗೆ ನಿಯಮಗಳಿಗೆ ಅದು ಸಿಗುವುದಿಲ್ಲ. ಅದಕ್ಕಾಗಿ ಭಾರತ 2016ರಲ್ಲಿ ಆನ್‌ಲೈನ್ ಜಾಹೀರಾತಿಗೆ ಶೇ. 6ರ ಸಮೀಕರಣ ಸುಂಕ ತಂದಿತು. 2020ರಲ್ಲಿ ವಿದೇಶಿ ಇ-ಕಾಮರ್ಸ್ ಕಂಪನಿಗಳಿಗೆ ಶೇ. 2ರ ಇನ್ನೊಂದು ಬಂತು. ಇದು ಅಮೆರಿಕದ ಕಂಪನಿಗಳಿಗೆ ತಾರತಮ್ಯ ಎಂದು ಅಮೆರಿಕ ಸರ್ಕಾರ ವಿಚಾರಣೆ ನಡೆಸಿ, 2021ರ ಜೂನ್‌ನಲ್ಲಿ ಭಾರತದ ಕೆಲವು ರಫ್ತುಗಳ ಮೇಲೆ ಶೇ. 25ರ ಸುಂಕ ಘೋಷಿಸಿ ಜಾರಿಯನ್ನು ತಡೆಹಿಡಿಯಿತು. ಆ ಪಟ್ಟಿಯಲ್ಲಿ ಸಿಗಡಿ, ಬಾಸ್ಮತಿ ಅಕ್ಕಿ ಇದ್ದವು. ತಂತ್ರಜ್ಞಾನ ಕಂಪನಿಗೆ ಹಾಕಿದ ತೆರಿಗೆಯ ಬೆಲೆಯನ್ನು ಸಿಗಡಿ ಸಾಕುವವರು ಕೊಡಬೇಕಾದ ಸ್ಥಿತಿ ಅದು. ಶೇ. 2ರ ಸುಂಕ 2024ರ ಆಗಸ್ಟ್ 1ರಿಂದ, ಶೇ. 6ರದ್ದು 2025ರ ಏಪ್ರಿಲ್ 1ರಿಂದ ಇಲ್ಲವಾಯಿತು.

ಬೆಂಗಳೂರಿನ ಲೆಕ್ಕ

ಕರ್ನಾಟಕಕ್ಕೆ ಹತ್ತಿರದ ಪ್ರಶ್ನೆ ಬೇರೆ. ವಿದೇಶಿ ಕಂಪನಿಗಳು ತಮ್ಮದೇ ಕೆಲಸಕ್ಕೆ ಇಲ್ಲಿ ತೆರೆದಿರುವ ಜಾಗತಿಕ ಸಾಮರ್ಥ್ಯ ಕೇಂದ್ರಗಳಿಗೆ ಬೆಂಗಳೂರೇ ದೇಶದ ರಾಜಧಾನಿ. ಇಂಥ ಕೇಂದ್ರಕ್ಕೆ ಹೊರಗಿನ ಗ್ರಾಹಕರಿಲ್ಲ, ಮಾತೃಸಂಸ್ಥೆಯೇ ಗ್ರಾಹಕ. ವರ್ಷದ ಖರ್ಚು ₹100 ಕೋಟಿ ಆದರೆ ಅದರ ಮೇಲೆ, ಹೇಳಿ, ಶೇ. 15 ಸೇರಿಸಿ ₹115 ಕೋಟಿಗೆ ಬಿಲ್ ಮಾಡುತ್ತದೆ. ತೆರಿಗೆ ಬೀಳುವುದು ಆ ₹15 ಕೋಟಿಗೆ. ಇಲ್ಲಿನ ಎಂಜಿನಿಯರುಗಳು ಬರೆದ ತಂತ್ರಾಂಶ ಮುಂದೆ ಸಾವಿರ ಕೋಟಿ ಗಳಿಸಿದರೂ ಅದರ ಒಡೆತನ ಬೇರೆ ದೇಶದ ಅಂಗಸಂಸ್ಥೆಯಲ್ಲಿದ್ದರೆ ಆ ಲಾಭ ಅಲ್ಲಿಯದು. ಹಾಗಾದರೆ ಸೇರಿಸಬೇಕಾದ್ದು ಶೇ. 15ರಷ್ಟೋ 25ರಷ್ಟೋ? ಸಂಬಂಧವಿಲ್ಲದ ಇಬ್ಬರು ಇದೇ ಕೆಲಸಕ್ಕೆ ಎಷ್ಟು ಕೊಡುತ್ತಿದ್ದರೋ ಅಷ್ಟು ಎಂಬುದು 2001ರಲ್ಲಿ ಬಂದ ವರ್ಗಾವಣೆ ಬೆಲೆ ನಿಯಮ. ಜಗಳ ಶುರುವಾಗುವುದು ಹೋಲಿಕೆಗೆ ಯಾವ ಕಂಪನಿಗಳನ್ನು ಆರಿಸಬೇಕು ಎಂಬಲ್ಲಿ. ಇಲಾಖೆ ಹೆಚ್ಚು ಲಾಭದವುಗಳನ್ನು ಆರಿಸುತ್ತದೆ, ಕಂಪನಿ ಕಡಿಮೆ ಲಾಭದವುಗಳನ್ನು. ಬೆಂಗಳೂರಿನ ತೆರಿಗೆ ನ್ಯಾಯಮಂಡಳಿಯಲ್ಲಿ ಇಂಥ ಪ್ರಕರಣಗಳು ನಿತ್ಯದ ಕೆಲಸ. ಬೆಲೆಯನ್ನು ಇಲಾಖೆಯ ಜೊತೆ ಮುಂಚಿತವಾಗಿಯೇ ನಿಗದಿ ಮಾಡಿಕೊಳ್ಳುವ ವ್ಯವಸ್ಥೆ 2012ರಲ್ಲಿ, ಇಷ್ಟು ಲಾಭ ತೋರಿಸಿದರೆ ಪ್ರಶ್ನಿಸುವುದಿಲ್ಲ ಎಂಬ ಸುರಕ್ಷಿತ ಮಿತಿ 2013ರಲ್ಲಿ ಬಂತು.

ಕಂಪನಿ ತೆರಿಗೆ ಕೇಂದ್ರದ್ದು. ರಾಜ್ಯಕ್ಕೆ ಬರುವುದು ಹಣಕಾಸು ಆಯೋಗ ಹಂಚಿದ ಪಾಲು. ಆದ್ದರಿಂದ ಹೂಡಿಕೆ ಸೆಳೆಯಲು ರಾಜ್ಯದ ಕೈಯಲ್ಲಿರುವುದು ಜಮೀನು, ವಿದ್ಯುತ್, ಮುದ್ರಾಂಕ ಶುಲ್ಕದ ರಿಯಾಯಿತಿ, ಬಂಡವಾಳ ಸಹಾಯಧನ ಮತ್ತು ಕಾರ್ಮಿಕ ನಿಯಮ. 2023ರ ಫೆಬ್ರವರಿಯಲ್ಲಿ ಕರ್ನಾಟಕ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದಿತು. ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆ ದುಡಿಸಬಹುದು, ಮೂರು ತಿಂಗಳ ಓವರ್‌ಟೈಮ್ ಮಿತಿ 75ರಿಂದ 144 ಗಂಟೆಗೆ ಏರಿತು, ಮಹಿಳೆಯರು ರಾತ್ರಿ ಪಾಳಿಯಲ್ಲಿ ದುಡಿಯಲು ಅವಕಾಶವಾಯಿತು. ಐಫೋನ್ ಜೋಡಿಸುವ ಫಾಕ್ಸ್‌ಕಾನ್ ದೇವನಹಳ್ಳಿಗೆ ಬರುವ ಮಾತುಕತೆ ಇದೇ ಹೊತ್ತಿನಲ್ಲಿ ನಡೆದಿತ್ತು, ತಿದ್ದುಪಡಿಯ ಹಿಂದೆ ಕಂಪನಿಗಳ ಕೋರಿಕೆ ಇತ್ತೆಂದು ಪತ್ರಿಕೆಗಳು ವರದಿ ಮಾಡಿದವು. ಕಾರ್ಮಿಕ ಸಂಘಟನೆಗಳು ವಿರೋಧಿಸಿದವು.

ಈಗಿನ ಒಪ್ಪಂದಗಳಲ್ಲಿ ಬದಲಾದದ್ದು

2015ರ ಕೊನೆಗೆ ಭಾರತ ತನ್ನ ಹೂಡಿಕೆ ಒಪ್ಪಂದದ ಮಾದರಿಯನ್ನೇ ಹೊಸದಾಗಿ ಬರೆಯಿತು. ತೆರಿಗೆ ವಿಷಯಗಳನ್ನು ಪೂರ್ತಿಯಾಗಿ ಹೊರಗಿಟ್ಟಿತು. ‘ನ್ಯಾಯಯುತ, ಸಮದೃಷ್ಟಿ’ ಎಂಬ ಅಗಲವಾದ ಮಾತನ್ನು ಕೈಬಿಟ್ಟಿತು. ಮಧ್ಯಸ್ಥಿಕೆಗೆ ಹೋಗುವ ಮುನ್ನ ಹೂಡಿಕೆದಾರರು ಕನಿಷ್ಠ ಐದು ವರ್ಷ ಭಾರತದ ಕೋರ್ಟುಗಳಲ್ಲಿ ಪ್ರಯತ್ನಿಸಬೇಕು ಎಂದಿತು. ಮರುವರ್ಷದಿಂದ 50ಕ್ಕೂ ಹೆಚ್ಚು ದೇಶಗಳಿಗೆ ಹಳೆಯ ಒಪ್ಪಂದ ಮುಗಿಸುವ ನೋಟಿಸ್ ಹೋಯಿತು. ಹಳೆಯ ಒಪ್ಪಂದ ಮುಗಿದರೂ ಅದು ಇದ್ದಾಗ ಬಂದ ಹೂಡಿಕೆಗೆ ರಕ್ಷಣೆ ತಕ್ಷಣ ಹೋಗುವುದಿಲ್ಲ. ಸಾಮಾನ್ಯವಾಗಿ ಇನ್ನೂ 10ರಿಂದ 15 ವರ್ಷ ಉಳಿಯುತ್ತದೆ.

ಹೊಸ ಮಾದರಿಗೆ ಒಪ್ಪಿದ ದೇಶಗಳು ಬೆರಳೆಣಿಕೆಯಷ್ಟು. 2024ರಲ್ಲಿ ಸಹಿಯಾದ ಯುಎಇ ಒಪ್ಪಂದದಲ್ಲಿ ಭಾರತ ಐದು ವರ್ಷವನ್ನು ಮೂರಕ್ಕೆ ಇಳಿಸಿತು. ಮಾದರಿಯನ್ನು ಹೂಡಿಕೆದಾರರಿಗೆ ಇನ್ನಷ್ಟು ಅನುಕೂಲವಾಗುವಂತೆ ಪರಿಷ್ಕರಿಸುವುದಾಗಿ 2025ರ ಬಜೆಟ್ ಘೋಷಿಸಿತು. ಮುಂದಿನ ಒಪ್ಪಂದಗಳ ಸುದ್ದಿ ಬಂದಾಗ ನೋಡಬೇಕಾದ ಸಾಲುಗಳು ಇವೇ: ತೆರಿಗೆ ಒಳಗಿದೆಯೇ ಹೊರಗಿದೆಯೇ, ಮಧ್ಯಸ್ಥಿಕೆಗೆ ಮುನ್ನ ಎಷ್ಟು ವರ್ಷ, ಬೇರೆ ಒಪ್ಪಂದದ ರಕ್ಷಣೆಯನ್ನು ಎರವಲು ತರಲು ದಾರಿ ಇದೆಯೇ, ಮುಗಿದ ಮೇಲೂ ಎಷ್ಟು ಕಾಲ ಕಟ್ಟಿಹಾಕುತ್ತದೆ.